ಪಾಸ್‌ವರ್ಡ್ ಬೇಕಿಲ್ಲ, ಪರದೆಯ ಮೇಲೆ ನಿಮ್ಮೂರನ್ನೇ ತನ್ನಿ

ಶಾಲೆಯ ಲ್ಯಾಬಿನಲ್ಲಾಗಲಿ, ಕಚೇರಿಯ ಟೇಬಲ್ ಮೇಲಾಗಲಿ, ಕಂಪ್ಯೂಟರಿನ ವಾಲ್‌ಪೇಪರ್ ಬದಲಿಸಿ ನೋಡಿ ಎಂದರೆ ನಮ್ಮ ಕಡೆ ಬರುವ ಉತ್ತರ ಹೆಚ್ಚಾಗಿ ಒಂದೇ: ‘ಅದು ಅಡ್ಮಿನ್‌ದು ಸರ್, ನಮ್ಮಿಂದ ಆಗಂಗಿಲ್ಲ.’ ಹೊಸ ಸಾಫ್ಟ್‌ವೇರ್ ಹಾಕುವಾಗ, ಪ್ರಿಂಟರ್ ಜೋಡಿಸುವಾಗ ಒಮ್ಮೆ ಪಾಸ್‌ವರ್ಡ್ ಕೇಳಿ ನಿಂತುಬಿಟ್ಟ ಯಂತ್ರದ ಮುಂದೆ ಕೂತವರಿಗೆ ಎಲ್ಲಕ್ಕೂ ಹಾಗೆಯೇ ಅನ್ನಿಸುವುದು ಸಹಜ. ಆದರೆ ವಾಲ್‌ಪೇಪರಿನ ಮಟ್ಟಿಗೆ ಆ ನಂಬಿಕೆ ಸರಿಯಲ್ಲ. ಅಡ್ಮಿನಿಸ್ಟ್ರೇಟರ್ ಪಾಸ್‌ವರ್ಡ್ ಇಲ್ಲದೆಯೇ ಅದನ್ನು ಬದಲಿಸಬಹುದು. ತಡೆ ಇರುವ ಕಡೆಗಳೂ ಇವೆ, ಅಲ್ಲಿ ಏನು ಮಾಡಬೇಕು ಎಂಬುದನ್ನೂ ಈ ಲೇಖನದಲ್ಲೇ ಹೇಳುತ್ತೇನೆ.

ಕಾರಣ ಸರಳ. ಕಂಪ್ಯೂಟರಿನಲ್ಲಿ ಎರಡು ಬಗೆಯ ಸೆಟ್ಟಿಂಗ್‌ಗಳಿರುತ್ತವೆ. ಸಾಫ್ಟ್‌ವೇರ್, ಭದ್ರತೆ, ದಿನಾಂಕ ಮತ್ತು ಸಮಯದಂಥವು ಇಡೀ ಯಂತ್ರಕ್ಕೆ ಸೇರಿದವು. ಅವನ್ನು ಮುಟ್ಟಲು ಅಡ್ಮಿನ್ ಅನುಮತಿ ಬೇಕು. ವಾಲ್‌ಪೇಪರ್, ಬಣ್ಣ, ಮೌಸ್ ಪಾಯಿಂಟರಿನ ವೇಗ ಇವೆಲ್ಲ ಲಾಗಿನ್ ಆದ ಬಳಕೆದಾರನಿಗೆ ಸೇರಿದವು. ಒಂದೇ ಕಂಪ್ಯೂಟರಿನಲ್ಲಿ ಮೂವರಿಗೆ ಮೂರು ಅಕೌಂಟ್ ಇದ್ದರೆ ಮೂವರೂ ಬೇರೆ ಬೇರೆ ವಾಲ್‌ಪೇಪರ್ ಇಟ್ಟುಕೊಳ್ಳಬಹುದು, ಒಬ್ಬರದ್ದು ಇನ್ನೊಬ್ಬರಿಗೆ ಕಾಣುವುದಿಲ್ಲ. ಸ್ಟ್ಯಾಂಡರ್ಡ್ ಯೂಸರ್ ಎಂಬ ಸಾಧಾರಣ ಅಕೌಂಟಿಗೂ ಈ ಹಕ್ಕು ಇದೆ.

ಯಾವ ಚಿತ್ರ ಹಾಕುವುದು?

ಗುಂಡಿ ಒತ್ತುವ ವಿಷಯಕ್ಕಿಂತ ಮೊದಲು ಚಿತ್ರದ ವಿಷಯ. ಹೆಚ್ಚಿನವರು ಎಡವುವುದು ಇಲ್ಲೇ.

ಪ್ರಪಂಚದಲ್ಲಿ ಅತಿ ಹೆಚ್ಚು ಜನ ನೋಡಿದ ಫೋಟೊಗಳಲ್ಲಿ ಒಂದು ವಿಂಡೋಸ್ ಎಕ್ಸ್‌ಪಿಯ ಹಸಿರು ದಿಬ್ಬ. ಚಾರ್ಲ್ಸ್ ಒರಿಯರ್ ಎಂಬ ಛಾಯಾಗ್ರಾಹಕ ಅದನ್ನು 1996ರಲ್ಲಿ ಕ್ಯಾಲಿಫೋರ್ನಿಯಾದ ಸೊನೊಮಾ ಸೀಮೆಯ ರಸ್ತೆ ಬದಿಯಲ್ಲಿ ತೆಗೆದರು. 2001ರಲ್ಲಿ ಅದು ಎಕ್ಸ್‌ಪಿಯ ಜೊತೆ ಮನೆಮನೆಗೆ ಬಂತು. ಸಂಡೂರಿನವರಿಗೆ ಅಂಥ ಹಸಿರು ದಿಬ್ಬ ಹೊಸದೇನಲ್ಲ. ಸೆಪ್ಟೆಂಬರಿನಲ್ಲಿ ಸಂಡೂರನ್ನು ನೋಡಬೇಕು ಎಂದು ಗಾಂಧೀಜಿ ಹೇಳಿದ್ದರೆಂಬ ಮಾತು ಅಲ್ಲಿ ಇಂದಿಗೂ ಎಲ್ಲರ ಬಾಯಲ್ಲಿದೆ. ಮಳೆ ಬಿದ್ದ ಮೇಲೆ ಕುಮಾರಸ್ವಾಮಿ ದೇವಸ್ಥಾನದ ದಾರಿಯಲ್ಲಿ ನಿಂತು ತೆಗೆದ ಒಂದು ಫೋಟೊ ನಿಮ್ಮ ಫೋನಿನಲ್ಲೇ ಇರಬಹುದು.

ಆದರೆ ಒಳ್ಳೆಯ ಫೋಟೊಗಳೆಲ್ಲ ಒಳ್ಳೆಯ ವಾಲ್‌ಪೇಪರ್ ಆಗುವುದಿಲ್ಲ. ಕಂಪ್ಯೂಟರ್ ಪರದೆ ಅಗಲ ಹೆಚ್ಚು, ಎತ್ತರ ಕಡಿಮೆ. ಸಾಮಾನ್ಯವಾಗಿ 1920×1080 ಅಥವಾ ಹಳೆಯ ಲ್ಯಾಪ್‌ಟಾಪ್‌ಗಳಲ್ಲಿ 1366×768 ಚುಕ್ಕೆಗಳ ಅಳತೆ. ಫೋನನ್ನು ನೆಟ್ಟಗೆ ಹಿಡಿದು ತೆಗೆದ ಹಂಪಿಯ ವಿರೂಪಾಕ್ಷ ಗುಡಿಯ ಗೋಪುರ ಇಲ್ಲಿ ಹೊಂದುವುದಿಲ್ಲ. ಸುಮಾರು 50 ಮೀಟರ್ ಎತ್ತರದ ಆ ಗೋಪುರದಲ್ಲಿ ಪರದೆಗೆ ಉಳಿಯುವುದು ನಡುವಿನ ಕೆಲವು ಅಂತಸ್ತು ಮಾತ್ರ. ಫೋನನ್ನು ಅಡ್ಡ ಹಿಡಿದು ತೆಗೆದರೂ 4000×3000 ಅಳತೆಯ ಚಿತ್ರ ಪರದೆಯನ್ನು ತುಂಬುವಾಗ ಮೇಲೆ ಕೆಳಗೆ ಸೇರಿ 750 ಚುಕ್ಕೆಗಳಷ್ಟು ಕತ್ತರಿಸಿಹೋಗುತ್ತದೆ. ಕಳಸ ಹೋಗುವುದು ಹೀಗೆಯೇ. ಗೋಪುರವೇ ಬೇಕಿದ್ದರೆ ಹೇಮಕೂಟದ ಮೇಲಿನಿಂದ, ಬಂಡೆಗಳನ್ನೂ ಆಕಾಶವನ್ನೂ ಒಳಗೊಂಡಂತೆ ದೂರದಿಂದ ತೆಗೆಯಿರಿ.

ಅಗಲಕ್ಕೆ ಹೇಳಿ ಮಾಡಿಸಿದ ನೋಟ ತುಂಗಭದ್ರಾ ಅಣೆಕಟ್ಟೆಯದು, ಮೂವತ್ತಮೂರು ಗೇಟುಗಳ ಸಾಲು. ಗಜಶಾಲೆಯ ಗುಮ್ಮಟಗಳ ಸಾಲು, ಮಾತಂಗ ಬೆಟ್ಟದ ಮೇಲಿನ ಬೆಳಗು, ಕಂಪ್ಲಿ ಸೇತುವೆ ಕಡೆಯ ಹೊಳೆ ಮತ್ತು ಭತ್ತದ ಗದ್ದೆ ಇವೂ ಚೆನ್ನಾಗಿ ಕೂರುತ್ತವೆ.

ಇನ್ನೊಂದು ಸೂಕ್ಷ್ಮ: ಐಕಾನ್‌ಗಳು ಕೂರುವುದು ಪರದೆಯ ಎಡಗಡೆ. ಕಲ್ಲಿನ ರಥ ಎಡಕ್ಕೆ ಬಂದರೆ ಅದರ ಗಾಲಿಯ ಮೇಲೆ ರೀಸೈಕಲ್ ಬಿನ್ ಬಂದು ಕೂರುತ್ತದೆ. ಮುಖ್ಯ ವಸ್ತು ನಡುವಿನಿಂದ ಬಲಕ್ಕೆ ಇದ್ದು, ಎಡಗಡೆ ಬರೀ ಆಕಾಶವೋ ಬಯಲೋ ಇರುವ ಚಿತ್ರ ಆರಿಸಿ. ಐಕಾನ್‌ಗಳ ಹೆಸರು ಓದಲೂ ಅದೇ ಅನುಕೂಲ.

ನಿಮ್ಮ ಬಳಿ ಫೋಟೊ ಇಲ್ಲವೆಂದರೆ ವಿಕಿಮೀಡಿಯಾ ಕಾಮನ್ಸ್‌ನಲ್ಲಿ ಹಂಪಿಯ ನೂರಾರು ಚಿತ್ರಗಳು ಮುಕ್ತ ಪರವಾನಗಿಯಲ್ಲಿ ಸಿಗುತ್ತವೆ. ನನಗೆ ಎಲ್ಲಕ್ಕಿಂತ ಇಷ್ಟವಾದುದು ಅಲೆಕ್ಸಾಂಡರ್ ಗ್ರೀನ್‌ಲಾ 1856ರಲ್ಲಿ ತೆಗೆದ ಹಂಪಿಯ ಫೋಟೊಗಳು. ಇಂದಿನ 50 ರೂಪಾಯಿ ನೋಟಿನ ಹಿಂಬದಿಯಲ್ಲಿ ಬೋಳು ನೆತ್ತಿಯಲ್ಲಿ ನಿಂತಿರುವ ಕಲ್ಲಿನ ರಥಕ್ಕೆ ಅವನ ಕಾಲದಲ್ಲಿ ಇಟ್ಟಿಗೆಯ ಶಿಖರವಿತ್ತು, ಆ ಫೋಟೊದಲ್ಲಿ ಅದು ಸ್ಪಷ್ಟವಾಗಿ ಕಾಣುತ್ತದೆ. ಕಪ್ಪು ಬಿಳುಪು ಚಿತ್ರಗಳು ದಿನವಿಡೀ ಪರದೆ ನೋಡುವ ಕಣ್ಣಿಗೂ ಹಿತ.

ಬೇರೆ ಕಡೆಗಳಲ್ಲಿ ‘ಎಚ್‌ಡಿ ವಾಲ್‌ಪೇಪರ್ ಉಚಿತ’ ಎಂದು ಕರೆಯುವ ತಾಣಗಳಿಂದ ದೂರವಿರಿ. ಚಿತ್ರ ಎಂದರೆ ಜೆಪಿಜಿ ಅಥವಾ ಪಿಎನ್‌ಜಿ ಫೈಲು. ಡೌನ್‌ಲೋಡ್ ಆದದ್ದು ಇಎಕ್ಸ್‌ಇ ಅಥವಾ ಎಸ್‌ಸಿಆರ್ ಎಂದು ಮುಗಿದರೆ ಅದು ಚಿತ್ರವಲ್ಲ, ಪ್ರೋಗ್ರಾಂ. ತೆರೆಯದೆ ಅಳಿಸಿಹಾಕಿ.

ಫೋನಿನಿಂದ ಕಂಪ್ಯೂಟರಿಗೆ

ಯುಎಸ್‌ಬಿ ಕೇಬಲ್ ಇದ್ದರೆ ಅದೇ ಉತ್ತಮ. ವಾಟ್ಸ್‌ಆ್ಯಪ್‌ನಲ್ಲಿ ಫೋಟೊ ಎಂದು ಕಳಿಸಿದರೆ ಅದು ಚಿತ್ರವನ್ನು ಕುಗ್ಗಿಸುತ್ತದೆ, ದೊಡ್ಡ ಪರದೆಯಲ್ಲಿ ಮಸುಕಾಗಿ ಕಾಣುತ್ತದೆ. ಡಾಕ್ಯುಮೆಂಟ್ ಎಂದು ಕಳಿಸಿದರೆ ಮೂಲ ಗುಣಮಟ್ಟದಲ್ಲೇ ಬರುತ್ತದೆ. ಪೆನ್‌ಡ್ರೈವ್‌ನಲ್ಲಿ ತಂದಿದ್ದರೆ ಅಲ್ಲಿಂದಲೇ ಹಾಕಬೇಡಿ; ಮೊದಲು ಕಂಪ್ಯೂಟರಿನ ಪಿಕ್ಚರ್ಸ್ ಫೋಲ್ಡರಿಗೆ ಕಾಪಿ ಮಾಡಿ. ಆ ಫೋಲ್ಡರ್ ನಿಮ್ಮ ಅಕೌಂಟಿನದೇ ಆದ್ದರಿಂದ ಅಲ್ಲಿಗೂ ಪಾಸ್‌ವರ್ಡ್ ಬೇಡ.

ವಿಂಡೋಸ್ 10 ಮತ್ತು 11ರಲ್ಲಿ

1. ವಿಂಡೋಸ್ ಕೀ ಜೊತೆ ಇ ಒತ್ತಿ. ಫೈಲ್ ಎಕ್ಸ್‌ಪ್ಲೋರರ್ ತೆರೆಯುತ್ತದೆ. ಪಿಕ್ಚರ್ಸ್ ಫೋಲ್ಡರಿಗೆ ಹೋಗಿ.

2. ಚಿತ್ರದ ಮೇಲೆ ಮೌಸಿನ ಬಲಗುಂಡಿ ಒತ್ತಿ. ಪಟ್ಟಿಯಲ್ಲಿ ‘ಸೆಟ್ ಆಸ್ ಡೆಸ್ಕ್‌ಟಾಪ್ ಬ್ಯಾಕ್‌ಗ್ರೌಂಡ್’ ಇರುತ್ತದೆ, ಅದನ್ನು ಆರಿಸಿ. ವಿಂಡೋಸ್ 11ರಲ್ಲಿ ಕಾಣದಿದ್ದರೆ ಕೆಳಗಿನ ‘ಶೋ ಮೋರ್ ಆಪ್ಷನ್ಸ್’ ಒತ್ತಿ ನೋಡಿ.

3. ವಿಂಡೋಸ್ ಕೀ ಜೊತೆ ಡಿ ಒತ್ತಿ. ತೆರೆದ ಕಿಟಕಿಗಳೆಲ್ಲ ಕೆಳಗಿಳಿದು ಹೊಸ ಚಿತ್ರ ಕಾಣುತ್ತದೆ.

4. ಚಿತ್ರ ಎಳೆದಂತೆಯೋ ಕತ್ತರಿಸಿದಂತೆಯೋ ಕಂಡರೆ ಡೆಸ್ಕ್‌ಟಾಪಿನ ಖಾಲಿ ಜಾಗದಲ್ಲಿ ಬಲಗುಂಡಿ ಒತ್ತಿ, ‘ಪರ್ಸನಲೈಸ್’, ನಂತರ ‘ಬ್ಯಾಕ್‌ಗ್ರೌಂಡ್’. ಅಲ್ಲಿ ‘ಚೂಸ್ ಎ ಫಿಟ್’ ಎಂಬಲ್ಲಿ ‘ಫಿಲ್’ ಇದ್ದರೆ ಪರದೆ ತುಂಬುತ್ತದೆ, ಅಂಚು ಕತ್ತರಿಸುತ್ತದೆ. ‘ಫಿಟ್’ ಇಟ್ಟರೆ ಚಿತ್ರ ಪೂರ್ತಿ ಉಳಿದು ಅಕ್ಕಪಕ್ಕ ಖಾಲಿ ಪಟ್ಟಿ ಬರುತ್ತದೆ. ‘ಸ್ಟ್ರೆಚ್’ ಬೇಡವೇ ಬೇಡ. ಅದು ಉಗ್ರನರಸಿಂಹನನ್ನೂ ಅಡ್ಡಡ್ಡ ಎಳೆದುಬಿಡುತ್ತದೆ.

ಕೆಲವರು ಚಿತ್ರ ಹಾಕಿದ ಮೇಲೆ ಬಣ್ಣ ಸ್ವಲ್ಪ ಕಲಸಿದಂತೆ ಕಾಣುತ್ತದೆ ಎನ್ನುತ್ತಾರೆ. ಅದು ಭ್ರಮೆಯಲ್ಲ, ವಿಂಡೋಸ್ ಜೆಪಿಜಿ ಚಿತ್ರವನ್ನು ಇನ್ನಷ್ಟು ಕುಗ್ಗಿಸಿ ತನ್ನದೊಂದು ಪ್ರತಿ ಮಾಡಿಟ್ಟುಕೊಳ್ಳುತ್ತದೆ. ಪೇಂಟ್‌ನಲ್ಲಿ ತೆರೆದು ಪರದೆಯ ಅಳತೆಗೆ ಕತ್ತರಿಸಿ, ‘ಸೇವ್ ಆಸ್’ನಲ್ಲಿ ಪಿಎನ್‌ಜಿ ಎಂದು ಉಳಿಸಿ ಹಾಕಿದರೆ ಹೆಚ್ಚು ಸ್ವಚ್ಛವಾಗಿ ಬರುತ್ತದೆ. ಪೇಂಟ್ ವಿಂಡೋಸ್ ಜೊತೆಗೇ ಬರುವುದರಿಂದ ಹೊಸದಾಗಿ ಏನನ್ನೂ ಹಾಕಬೇಕಿಲ್ಲ.

ಫೈರ್‌ಫಾಕ್ಸ್ ಬಳಸುವವರಿಗೆ ಇನ್ನೂ ಹತ್ತಿರದ ದಾರಿ ಇದೆ. ಅದರಲ್ಲಿ ತೆರೆದ ಚಿತ್ರದ ಮೇಲೆ ಬಲಗುಂಡಿ ಒತ್ತಿದರೆ ಡೆಸ್ಕ್‌ಟಾಪಿಗೆ ಹಾಕುವ ಆಯ್ಕೆ ನೇರವಾಗಿ ಸಿಗುತ್ತದೆ.

ಉಬುಂಟು ಇದ್ದರೆ

ಡೆಸ್ಕ್‌ಟಾಪಿನ ಖಾಲಿ ಜಾಗದಲ್ಲಿ ಬಲಗುಂಡಿ, ‘ಚೇಂಜ್ ಬ್ಯಾಕ್‌ಗ್ರೌಂಡ್’, ನಂತರ ‘ಆ್ಯಡ್ ಪಿಕ್ಚರ್’. ನಿಮ್ಮ ಹೋಮ್ ಫೋಲ್ಡರಿನ ಪಿಕ್ಚರ್ಸ್‌ನಲ್ಲಿಟ್ಟ ಚಿತ್ರ ಆರಿಸಿದರೆ ಮುಗಿಯಿತು. ಎಲ್ಲ ಬಳಕೆದಾರರಿಗೂ ಸೇರಿದ ಸಿಸ್ಟಂ ಫೋಲ್ಡರಿಗೆ ಚಿತ್ರ ಹಾಕಲು ಹೋದರೆ ಮಾತ್ರ ಪಾಸ್‌ವರ್ಡ್ ಕೇಳುತ್ತದೆ. ಅದರ ಅಗತ್ಯವೇ ಇಲ್ಲ.

ಆಯ್ಕೆಯೇ ಮಸುಕಾಗಿದ್ದರೆ

ಇಲ್ಲಿ ಸ್ವಲ್ಪ ತಾಳ್ಮೆ ಬೇಕು, ಏಕೆಂದರೆ ಮಸುಕಾಗಲು ಕಾರಣ ಹಲವು.

ಮೊದಲು ಪರದೆ ಸುಮ್ಮನೆ ಕಪ್ಪಾಗಿದ್ದು ಯಾವ ಚಿತ್ರವೂ ನಿಲ್ಲದಿದ್ದರೆ, ವಿಂಡೋಸ್ 10ರ ಸೆಟ್ಟಿಂಗ್ಸ್‌ನಲ್ಲಿ ‘ಈಸ್ ಆಫ್ ಆ್ಯಕ್ಸೆಸ್’, ಅದರೊಳಗೆ ‘ಡಿಸ್‌ಪ್ಲೇ’ ತೆರೆಯಿರಿ. ಡೆಸ್ಕ್‌ಟಾಪ್ ಚಿತ್ರ ತೋರಿಸುವ ಒಂದು ಸ್ವಿಚ್ ಅಲ್ಲಿದೆ. ಯಾರೋ ಅದನ್ನು ಆಫ್ ಮಾಡಿರಬಹುದು. ಆನ್ ಮಾಡಲು ಪಾಸ್‌ವರ್ಡ್ ಬೇಡ.

ವಿಂಡೋಸ್ ಆ್ಯಕ್ಟಿವೇಟ್ ಆಗಿಲ್ಲ ಎಂಬ ಸೂಚನೆ ಬಂದರೆ ಪರ್ಸನಲೈಸ್ ಪುಟ ಕೆಲಸ ಮಾಡುವುದಿಲ್ಲ. ಅದನ್ನು ಯಂತ್ರದ ಜವಾಬ್ದಾರಿ ಹೊತ್ತವರ ಗಮನಕ್ಕೆ ತನ್ನಿ, ಸರಿಯಾದ ಲೈಸೆನ್ಸ್ ಹಾಕಿಸುವುದೇ ಪರಿಹಾರ. ತೀರಾ ಹಳೆಯ ಪುಟ್ಟ ಲ್ಯಾಪ್‌ಟಾಪ್‌ಗಳಲ್ಲಿ ವಿಂಡೋಸ್ 7 ಸ್ಟಾರ್ಟರ್ ಇದ್ದರೆ ಅದರಲ್ಲಿ ವಾಲ್‌ಪೇಪರ್ ಬದಲಿಸುವ ಸೌಲಭ್ಯವನ್ನೇ ಕೊಟ್ಟಿರಲಿಲ್ಲ. ಆ ವಿಂಡೋಸ್ 7ಕ್ಕೆ ಬೆಂಬಲ 2020ರ ಜನವರಿ 14ಕ್ಕೇ ಮುಗಿದಿದೆ, ಅಂಥ ಯಂತ್ರವನ್ನು ಇಂಟರ್‌ನೆಟ್‌ಗೆ ಜೋಡಿಸುವುದೇ ಅಪಾಯ.

ಇನ್ನೊಂದು ಕಾರಣ ಕಚೇರಿಗಳಲ್ಲಿ ಹೆಚ್ಚು. ‘ಕೆಲವು ಸೆಟ್ಟಿಂಗ್‌ಗಳನ್ನು ನಿಮ್ಮ ಸಂಸ್ಥೆ ನಿರ್ವಹಿಸುತ್ತಿದೆ’ ಎಂಬ ಅರ್ಥದ ಇಂಗ್ಲಿಷ್ ಸಾಲು ಪುಟದ ಮೇಲ್ಭಾಗದಲ್ಲಿ ಕಾಣುತ್ತದೆ. ಹಾಗೆಂದರೆ ಗ್ರೂಪ್ ಪಾಲಿಸಿ ಎಂಬ ವ್ಯವಸ್ಥೆಯಿಂದ ವಾಲ್‌ಪೇಪರನ್ನು ಬೇಕೆಂದೇ ಬಿಗಿ ಮಾಡಿದ್ದಾರೆ. ಗಣಿ, ಉಕ್ಕು, ಬ್ಯಾಂಕುಗಳಂಥ ಕಡೆ ಸುರಕ್ಷತಾ ಸೂಚನೆ, ಸಹಾಯವಾಣಿ ಸಂಖ್ಯೆ, ಕಂಪ್ಯೂಟರಿನ ಗುರುತು ಸಂಖ್ಯೆಗಳನ್ನು ವಾಲ್‌ಪೇಪರಿನಲ್ಲೇ ಬರೆದಿಡುವುದುಂಟು, ಅದಕ್ಕೆ ಕಾರಣವಿದೆ. ಇದನ್ನು ರಿಜಿಸ್ಟ್ರಿ ತಿದ್ದಿ, ಯಾವುದೋ ವಿಡಿಯೊ ನೋಡಿ ಮುರಿಯಲು ಹೋಗಬೇಡಿ. ಮುರಿದರೂ ನಿಲ್ಲುವುದಿಲ್ಲ: ಪಾಲಿಸಿ ಸುಮಾರು 90ರಿಂದ 120 ನಿಮಿಷಕ್ಕೊಮ್ಮೆ ತಾನಾಗಿ ಮತ್ತೆ ಬಂದು ಕೂರುತ್ತದೆ. ಕೆಲಸಕ್ಕೆ ಕುತ್ತು ಬರುವ ಸಾಧ್ಯತೆ ಬೇರೆ. ವ್ಯವಸ್ಥಾಪಕರಿಗೆ ನಾಲ್ಕು ಸಾಲಿನ ಇ-ಮೇಲ್ ಬರೆಯಿರಿ. ಕಣ್ಣಿನ ತೊಂದರೆಯಿಂದ ಗಾಢ ಬಣ್ಣದ ಹಿನ್ನೆಲೆ ಬೇಕು ಎಂಬಂಥ ಕಾರಣವಿದ್ದರೆ ಅದನ್ನು ತಿಳಿಸಿ. ಒಂದು ಅಕೌಂಟಿಗೆ ವಿನಾಯಿತಿ ಕೊಡುವುದು ಅವರಿಗೆ ದೊಡ್ಡ ಕೆಲಸವಲ್ಲ. ಅಲ್ಲಿಯವರೆಗೆ ಬ್ರೌಸರಿನ ಹೊಸ ಟ್ಯಾಬ್‌ಗೆ ನಿಮ್ಮ ಚಿತ್ರ ಹಾಕಿಕೊಳ್ಳಬಹುದು. ಕ್ರೋಮ್‌ನಲ್ಲಿ ಹೊಸ ಟ್ಯಾಬಿನ ಕೆಳಗಿನ ಬಲಮೂಲೆಯ ಪೆನ್ಸಿಲ್ ಗುರುತು ಅದಕ್ಕೇ ಇರುವುದು, ಅದನ್ನೂ ಸಂಸ್ಥೆ ತಡೆದಿರದಿದ್ದರೆ.

ಹಾಕಿದ ಚಿತ್ರ ರೀಸ್ಟಾರ್ಟ್ ಆದೊಡನೆ ಮಾಯವಾಗುವ ಸೈಬರ್ ಸೆಂಟರ್‌ಗಳಲ್ಲಿ ದೋಷ ನಿಮ್ಮದಲ್ಲ. ಪ್ರತಿಸಲ ಯಂತ್ರವನ್ನು ಮೊದಲಿನ ಸ್ಥಿತಿಗೆ ತರುವ ಸಾಫ್ಟ್‌ವೇರ್ ಅಲ್ಲಿರುತ್ತದೆ. ಹಿಂದಿನವರ ಫೈಲು, ಪಾಸ್‌ವರ್ಡ್ ಮುಂದಿನವರಿಗೆ ಸಿಗದಿರಲಿ ಎಂದು ಮಾಡಿದ ಏರ್ಪಾಡು ಅದು, ಒಳ್ಳೆಯದೇ.

ಹತ್ತು ಜನ ಕೂರುವ ಕಂಪ್ಯೂಟರ್

ಲ್ಯಾಬಿನಲ್ಲಿ ಎಲ್ಲ ಮಕ್ಕಳಿಗೂ ಒಂದೇ ಅಕೌಂಟ್ ಇದ್ದರೆ ನೀವು ಹಾಕಿದ ಚಿತ್ರವೇ ಎಲ್ಲರಿಗೂ ಕಾಣುತ್ತದೆ. ಅಲ್ಲಿ ಮನೆಯವರ ಫೋಟೊ, ಹೆಣ್ಣುಮಕ್ಕಳ ಫೋಟೊ, ಯೂನಿಫಾರ್ಮಿನಲ್ಲಿ ಶಾಲೆಯ ಹೆಸರು ಕಾಣುವ ಮಗುವಿನ ಫೋಟೊ ಖಂಡಿತ ಹಾಕಬೇಡಿ. ವಾಲ್‌ಪೇಪರ್ ಬದಲಿಸಿದ ಮೇಲೂ ಹಳೆಯ ಚಿತ್ರಗಳ ಸಣ್ಣ ರೂಪ ಬ್ಯಾಕ್‌ಗ್ರೌಂಡ್ ಪುಟದ ಇತ್ತೀಚಿನ ಚಿತ್ರಗಳ ಸಾಲಿನಲ್ಲಿ ಉಳಿದಿರುತ್ತದೆ, ಮೂಲ ಫೈಲು ಅಳಿಸಿದರೂ ಕೂಡ. ಅಪ್ಪಿತಪ್ಪಿ ಹಾಕಿದ್ದರೆ ಬೇರೆ ಐದು ಚಿತ್ರಗಳನ್ನು ಒಂದರ ಹಿಂದೊಂದು ಹಾಕಿ, ಹಳೆಯದು ಆ ಸಾಲಿನಿಂದ ಜಾರಿಹೋಗುತ್ತದೆ.

ಇನ್ನು ಅಡ್ಮಿನ್ ಪಾಸ್‌ವರ್ಡ್ ಕೈಯಲ್ಲಿರುವ ಕಂಪ್ಯೂಟರ್ ಶಿಕ್ಷಕರಿಗೆ, ಲ್ಯಾಬ್ ನೋಡಿಕೊಳ್ಳುವವರಿಗೆ ಒಂದು ಮಾತು. ಮಗು ತನ್ನ ಕೈಯಾರೆ ಬದಲಿಸಿ, ಫಲವನ್ನು ಆ ಕ್ಷಣವೇ ಕಣ್ಣಾರೆ ಕಾಣುವ ಮೊದಲ ಸೆಟ್ಟಿಂಗ್ ಬಹುಪಾಲು ಇದೇ. ಫೈಲು ಎಲ್ಲಿರುತ್ತದೆ, ಫೋಲ್ಡರ್ ಎಂದರೇನು, ಚಿತ್ರದ ಅಳತೆ ಎಂದರೇನು, ಯಾವ ಫೋಟೊವನ್ನು ಬಳಸಲು ಯಾರ ಅನುಮತಿ ಬೇಕು ಎಂಬುದೆಲ್ಲ ಈ ಒಂದು ಕೆಲಸದಲ್ಲಿ ತಿಳಿಯುತ್ತದೆ. ಸಾಫ್ಟ್‌ವೇರ್ ಹಾಕುವುದನ್ನು ಬಿಗಿ ಮಾಡಿ, ತಪ್ಪಿಲ್ಲ. ವಾಲ್‌ಪೇಪರನ್ನು ಮಾತ್ರ ಬಿಟ್ಟುಕೊಡಿ. ಮಕ್ಕಳಿಗೆ ಒಂದೊಂದು ಪ್ರತ್ಯೇಕ ಸ್ಟ್ಯಾಂಡರ್ಡ್ ಅಕೌಂಟ್ ಮಾಡಿಕೊಡಲು ಸಾಧ್ಯವಿದ್ದರೆ ಈ ವರ್ಷವೇ ಮಾಡಿ. ತಿಂಗಳಿಗೊಬ್ಬರು ಊರಿನ ಒಂದು ಫೋಟೊ ತಂದು ಹಾಕಲಿ, ಕೆಳಗೆ ತೆಗೆದವರ ಹೆಸರು ಬರೆಯಲಿ.