ಪಿಕಪ್ಪಿಗೆ ಯಾವ ಟರ್ಪಾಲು?



ಕಳೆದ ಮೊಂತಿ ಹಬ್ಬದ ಬೆಳಿಗ್ಗೆ ಮಳೆ ಬಿಡದೆ ಸುರಿಯುತ್ತಿತ್ತು. ದೂರದ ವಾಳೆಯೊಂದರಿಂದ ಒಂದು ಪಿಕಪ್ ಇಗರ್ಜಿಯ ಅಂಗಳಕ್ಕೆ ಬಂತು. ಹಿಂಭಾಗದ ನೀಲಿ ಟರ್ಪಾಲನ್ನು ಬಿಚ್ಚಿದಾಗ ಹೂವಿನ ಬುಟ್ಟಿ ಹಿಡಿದ ಏಳೆಂಟು ಮಕ್ಕಳು ಇಳಿದರು. ಒಬ್ಬರ ಬಟ್ಟೆಯೂ ಒದ್ದೆಯಾಗಿರಲಿಲ್ಲ. ನಾವು ಸಂತೋಷಪಟ್ಟೆವು. ಆದರೆ ಇಬ್ಬರು ಮಕ್ಕಳು ತಲೆನೋವೆಂದು ಜಗಲಿಯಲ್ಲೇ ಕುಳಿತರು, ಒಬ್ಬಳು ವಾಂತಿ ಮಾಡಿದಳು. "ರಸ್ತೆಯ ತಿರುವುಗಳಿಂದ ಹಾಗಾಗಿದೆ ಫಾದರ್" ಎಂದರು ಹಿರಿಯರು. ನಾವೂ ಒಪ್ಪಿದೆವು. ಹಾಗೆ ಸುಲಭವಾಗಿ ಒಪ್ಪಬಾರದಿತ್ತು ಎಂದು ಈಗ ಅನಿಸುತ್ತದೆ. ಕಾರಣವನ್ನು ಕೊನೆಗೆ ಹೇಳುತ್ತೇವೆ. ಮೊದಲು ಟರ್ಪಾಲಿನ ವಿಚಾರ ತಿಳಿದುಕೊಳ್ಳೋಣ.

ಮುಚ್ಚುವುದು ಏಕೆ?

ಕಾಸರಗೋಡಿನಲ್ಲಿ ವರ್ಷಕ್ಕೆ ಸುಮಾರು 3,500 ಮಿಲಿಮೀಟರ್ ಮಳೆ ಬೀಳುತ್ತದೆ. 35-40 ದಿನ ಅಂಗಳದಲ್ಲಿ ಹರವಿ ಒಣಗಿಸಿದ ಅಡಿಕೆ ಪೇಟೆ ಮುಟ್ಟುವ ಮುಂಚೆ ಅರ್ಧ ಗಂಟೆಯ ಮಳೆಗೆ ಸಿಕ್ಕಿದರೆ ಅಷ್ಟು ದಿನಗಳ ದುಡಿಮೆ ನೀರುಪಾಲು. ಕೊಬ್ಬರಿ, ಕಾಳುಮೆಣಸುಗಳಿಗೆ ನೀರು ತಗಲಿದರೆ ದರ ಇಳಿಯುವುದು ಮಾತ್ರವಲ್ಲ, ಬೂಷ್ಟೂ ಬರುತ್ತದೆ. ಕೆಲವು ಜಾತಿಯ ಬೂಷ್ಟುಗಳು ಅಫ್ಲಟಾಕ್ಸಿನ್ ಎಂಬ ವಿಷವನ್ನು ಉತ್ಪಾದಿಸುತ್ತವೆ. ಇದು ಯಕೃತ್ತಿನ ಕ್ಯಾನ್ಸರಿಗೆ ಕಾರಣವಾಗಬಲ್ಲದು. ಸಾಮಾನ್ಯ ಅಡುಗೆಯ ಬಿಸಿಗೆ ಅದು ನಾಶವಾಗುವುದಿಲ್ಲ.

ಮೂರು ಬಗೆ

1. ಹತ್ತಿಯ ಕ್ಯಾನ್ವಾಸ್: ಮೇಣ ಹಿಡಿಸಿದ ದಪ್ಪ ಬಟ್ಟೆ. ಸ್ವಲ್ಪ ಗಾಳಿಯಾಡುತ್ತದೆ, ಹಗ್ಗದ ಎಳೆತಕ್ಕೆ ಬೇಗ ಹರಿಯುವುದಿಲ್ಲ. ಆದರೆ ಭಾರ ಹೆಚ್ಚು. ಒದ್ದೆಯಿರುವಾಗ ಮಡಚಿಟ್ಟರೆ ಬೂಷ್ಟು ಹಿಡಿದು ನಾರಿನ ಬಲ ಹೋಗುತ್ತದೆ.

2. ಹೆಣೆದ ಪ್ಲಾಸ್ಟಿಕ್: ಎಲ್ಲರ ಮನೆಯಲ್ಲಿರುವ ನೀಲಿ ಅಥವಾ ಹಳದಿ ಟರ್ಪಾಲು. ಹಗುರ, ಅಗ್ಗ, ನೀರು ಬಿಡುವುದಿಲ್ಲ. ಬಿಸಿಲನ್ನು ತಡೆಯುವ ಯು.ವಿ. ಅಂಶ ಸೇರಿಸದಿದ್ದರೆ ಬೇಗನೆ ಪುಡಿಪುಡಿಯಾಗುತ್ತದೆ. ಸಡಿಲವಾಗಿ ಕಟ್ಟಿದರೆ ಗಾಳಿಗೆ ಬಡಿದು ಅಂಚಿನಿಂದ ಹರಿಯುತ್ತದೆ.

3. ಪಿ.ವಿ.ಸಿ. ಲೇಪಿಸಿದ ಬಟ್ಟೆ: ಬೆಲೆಯೂ ಭಾರವೂ ಹೆಚ್ಚು, ಬಾಳಿಕೆಯೂ ಹೆಚ್ಚು. ವಾರಕ್ಕೆ ನಾಲ್ಕೈದು ಬಾರಿ ಬಾಡಿಗೆಗೆ ಓಡುವ ವಾಹನಕ್ಕೆ ಇದೇ ಲಾಭ. ಆದರೆ ಇದರೊಳಗೆ ಗಾಳಿ ಸುಳಿಯುವುದಿಲ್ಲ.

ತಿಂಗಳಿಗೆ ಒಂದೆರಡು ಬಾರಿ ಅಡಿಕೆ ಒಯ್ಯುವವರಿಗೆ ಎರಡನೆಯ ಬಗೆಯೇ ಸಾಕು. ಬಾಳೆಗೊನೆ, ತರಕಾರಿಗಳಿಗೆ ಗಾಳಿ ಬೇಕು; ಅವಕ್ಕೆ ಕ್ಯಾನ್ವಾಸ್ ಮುಚ್ಚಿ ಹಿಂಬದಿಯನ್ನು ತೆರೆದಿಡಿ. ಕೋಳಿ, ದನಕರುಗಳನ್ನು ಯಾವ ಕಾರಣಕ್ಕೂ ಸುತ್ತ ಮುಚ್ಚಿ ಒಯ್ಯಬಾರದು.

ಅಳತೆ ಮತ್ತು ತೂಕ

ಪಿಕಪ್ಪಿನ ಹಿಂಭಾಗ 8 ಅಡಿ ಉದ್ದ, 5.5 ಅಡಿ ಅಗಲ ಎಂದಿಟ್ಟುಕೊಳ್ಳಿ. ಸರಕು ಪಕ್ಕದ ಹಲಗೆಗಿಂತ 2 ಅಡಿ ಎತ್ತರಕ್ಕಿದೆ, ಟರ್ಪಾಲು ಹಲಗೆಯ ಹೊರಗೆ ಇನ್ನೂ 1 ಅಡಿ ಇಳಿಯಬೇಕು. ಆಗ ಪ್ರತಿ ಬದಿಗೆ 3 ಅಡಿ ಸೇರಿಸಬೇಕು. ಉದ್ದ 14 ಅಡಿ, ಅಗಲ 11.5 ಅಡಿ. ಆದ್ದರಿಂದ 15 ಅಡಿಗೆ 12 ಅಡಿಯದನ್ನು ಕೊಳ್ಳಿ. ಅಂಚು ಹಲಗೆಯ ಒಳಗೆ ನಿಂತರೆ ಮಳೆನೀರೆಲ್ಲ ಗೋಣಿಯ ಬುಡಕ್ಕೇ ಇಳಿಯುತ್ತದೆ.

ದಪ್ಪವನ್ನು ಜಿ.ಎಸ್.ಎಂ. ಎಂದು ಹೇಳುತ್ತಾರೆ. ಒಂದು ಚದರ ಮೀಟರಿಗೆ ಎಷ್ಟು ಗ್ರಾಂ ತೂಕ ಎಂದು ಅದರ ಅರ್ಥ. 15ಕ್ಕೆ 12 ಅಡಿ ಎಂದರೆ ಸುಮಾರು 16.7 ಚದರ ಮೀಟರ್. 200 ಜಿ.ಎಸ್.ಎಂ. ಟರ್ಪಾಲಾದರೆ ಸುಮಾರು 3.3 ಕಿಲೋ ತೂಗಬೇಕು. ಅಂಗಡಿಯ ತಕ್ಕಡಿಯಲ್ಲಿಟ್ಟಾಗ ಎರಡೂವರೆ ಕಿಲೋ ಬಂದರೆ ಅದು 150ರದ್ದು. ಚೀಟಿಯಲ್ಲಿ ಏನೇ ಬರೆದಿರಲಿ, ತಕ್ಕಡಿಯನ್ನು ನಂಬಿ. ಅಂಚನ್ನು ಮಡಚಿ ಒಳಗೆ ಹಗ್ಗ ಸೇರಿಸಿದೆಯೇ, ಕಟ್ಟುವ ಲೋಹದ ಕಣ್ಣುಗಳು ಒತ್ತೊತ್ತಾಗಿವೆಯೇ ಎಂದೂ ನೋಡಿ.

ನಡುವೆ ನೀರು ನಿಲ್ಲದಂತೆ ಕಬ್ಬಿಣದ ಕಮಾನು ಇಟ್ಟು ಮೇಲೆ ಹೊದಿಸುವುದು ಒಳ್ಳೆಯದು. ಅದನ್ನು ಖಾಯಂ ಆಗಿ ಬೆಸೆಯುವ ಮುಂಚೆ ಆರ್.ಟಿ.ಓ. ಕಚೇರಿಯಲ್ಲಿ ವಿಚಾರಿಸಿ.

ವಿಷದ ಜೊತೆ ಅನ್ನ ಬೇಡ

ಅಡಿಕೆಯ ಕೊಳೆರೋಗಕ್ಕೆ ಮೈಲುತುತ್ತು ತರುವ ದಿನವೇ ಅಕ್ಕಿಯನ್ನೂ ತಂದು ಒಂದೇ ಟರ್ಪಾಲಿನಡಿ ಇಡುವವರಿದ್ದಾರೆ. 1958ರಲ್ಲಿ ಇದೇ ಕೇರಳದಲ್ಲಿ ಸಾಗಣೆಯ ವೇಳೆ ಗೋಧಿ ಹಿಟ್ಟಿಗೆ ಪ್ಯಾರಾಥಿಯಾನ್ ಕೀಟನಾಶಕ ಬೆರೆತು ನೂರಕ್ಕೂ ಹೆಚ್ಚು ಮಂದಿ ಸತ್ತರು. ಔಷಧಿಗೆ ಬೇರೆ ಸರದಿ, ಬೇರೆ ಟರ್ಪಾಲು ಇರಲಿ. ಔಷಧಿಗೆ ಹೊದಿಸಿದ್ದರ ಮೇಲೆ ಮೆಣಸು ಒಣಗಿಸಬೇಡಿ.

ಕೊನೆಯ ಮಾತು, ಮೊದಲ ಚಿಂತೆ

ಈಗ ಆ ಮಕ್ಕಳ ವಿಚಾರ. 1992ರಲ್ಲಿ ಅಮೆರಿಕದ ವೈದ್ಯಕೀಯ ಪತ್ರಿಕೆಯೊಂದರಲ್ಲಿ ಸಿಯಾಟಲ್ ನಗರದ ವೈದ್ಯರ ವರದಿ ಬಂತು. ಪಿಕಪ್ಪಿನ ಹಿಂದೆ ಕುಳಿತು ಪ್ರಯಾಣಿಸಿ ಕಾರ್ಬನ್ ಮೊನಾಕ್ಸೈಡ್ ವಿಷವೇರಿದ 20 ಮಕ್ಕಳ ವಿವರ ಅದರಲ್ಲಿತ್ತು. 17 ಮಕ್ಕಳು ಗಟ್ಟಿ ಮುಚ್ಚಿಗೆಯ ಒಳಗಿದ್ದರು, ಮೂವರು ಟರ್ಪಾಲಿನ ಅಡಿಯಲ್ಲಿದ್ದರು. ಒಂದು ಮಗು ಸತ್ತಿತು, ಇನ್ನೊಂದಕ್ಕೆ ಶಾಶ್ವತವಾಗಿ ನರದೌರ್ಬಲ್ಯ ಉಳಿಯಿತು. ಆ ವಾಹನಗಳ ಹೊಗೆಕೊಳವೆ ಒಂದೋ ಸೋರುತ್ತಿತ್ತು, ಇಲ್ಲವೇ ಹಿಂಬದಿಗೆ ತೆರೆದಿತ್ತು.

ವಾಹನ ಓಡುವಾಗ ಅದರ ಹಿಂದೆ ಗಾಳಿಯ ಒತ್ತಡ ಕಡಿಮೆಯಾಗಿ ಹೊಗೆ ಸುತ್ತಿ ಒಳಕ್ಕೆ ಬರುತ್ತದೆ. ಈ ಅನಿಲಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ರಕ್ತದ ಹಿಮೋಗ್ಲೋಬಿನ್ನಿಗೆ ಆಮ್ಲಜನಕಕ್ಕಿಂತ ಇನ್ನೂರು ಪಟ್ಟು ಹೆಚ್ಚು ಬಲವಾಗಿ ಅಂಟುತ್ತದೆ. ಲಕ್ಷಣಗಳು ತಲೆನೋವು, ವಾಂತಿ, ಮಂಪರು. ಇವು ಪ್ರಯಾಣದ ಸಂಕಟದಂತೆಯೇ ಕಾಣುತ್ತವೆ, ಮೋಸ ಅಲ್ಲೇ ಇದೆ. ಮಗು ನಿದ್ದೆ ಮಾಡಿತೆಂದು ನಾವು ನೆಮ್ಮದಿಯಿಂದ ಇರುತ್ತೇವೆ. ಅಂಥ ಸಂದರ್ಭದಲ್ಲಿ ಮಗುವನ್ನು ಕೂಡಲೇ ತೆರೆದ ಗಾಳಿಗೆ ತಂದು, ಆಮ್ಲಜನಕ ಕೊಡುವ ಆಸ್ಪತ್ರೆಗೆ ಒಯ್ಯಬೇಕು.

ನಮ್ಮ ಮಕ್ಕಳಿಗೆ ಅಂದು ಆದದ್ದು ಹೊಗೆಯಿಂದಲೋ ತಿರುವುಗಳಿಂದಲೋ, ಈಗ ತಿಳಿಯುವಂತಿಲ್ಲ. ಮುಂದಿನ ಹಬ್ಬಕ್ಕೆ ಅಂಥ ಸಂದೇಹಕ್ಕೆ ಎಡೆಯಿರಬಾರದು. ಸರಕು ವಾಹನದ ಹಿಂದೆ ಜನರನ್ನು ಕೂರಿಸುವುದು ಕಾನೂನಿಗೂ ವಿರುದ್ಧ. ಪ್ರತಿ ವಾಳೆಯ ಗುರಿಕಾರರು ಮಕ್ಕಳಿಗಾಗಿ ಜೀಪು ಅಥವಾ ಬಸ್ಸಿನ ಏರ್ಪಾಡು ಮಾಡಲಿ. ಬಾಡಿಗೆಗೆ ಕಷ್ಟವಿದ್ದರೆ ನಮ್ಮಲ್ಲಿ ಬಂದು ಹೇಳಲಿ.

ನೋವನ ನಾವೆಗೆ ಒಳಗೂ ಹೊರಗೂ ರಾಳ ಬಳಿಯಲು ಹೇಳಿದ ದೇವರು ಅದಕ್ಕೊಂದು ಕಿಟಕಿಯನ್ನೂ ಇಡಲು ಹೇಳಿದರು. ನೀರು ಒಳಗೆ ಬರಬಾರದು, ಉಸಿರು ನಿಲ್ಲಲೂಬಾರದು. ಟರ್ಪಾಲು ಕಟ್ಟುವಾಗ ಇದು ನಮ್ಮ ನೆನಪಿನಲ್ಲಿರಲಿ.