ಬಚ್ಚಲ ನೀರು ಹಿತ್ತಲಿಗೆ ಬಿಡುವ ಮುನ್ನ

ಬೇಸಿಗೆ ಬಂತೆಂದರೆ ಕುಕನೂರು ಭಾಗದ ಹಿತ್ತಲುಗಳಲ್ಲಿ ನುಗ್ಗೆ, ಬಾಳೆ, ನಿಂಬೆ ಜೀವ ಹಿಡಿಯುವುದು ಬಚ್ಚಲ ನೀರಿನಿಂದಲೇ. ಜಲಜೀವನ್ ಮಿಷನ್ ಗುರಿಯಂತೆ ತಲೆಗೆ ದಿನಕ್ಕೆ 55 ಲೀಟರ್ ಎಂದು ಹಿಡಿದರೂ ಐದು ಜನರ ಮನೆಗೆ 275 ಲೀಟರ್ ಆಯಿತು. ಅದರ ಬಹುಪಾಲು ಬಚ್ಚಲಿಂದ ಹೊರಬೀಳುತ್ತದೆ. ಇದನ್ನು ಗಟಾರಕ್ಕೆ ಬಿಡುವುದು ನಷ್ಟವೇ ಸರಿ. ಆದರೆ ಕಣ್ಣಿಗೆ ತಿಳಿಯಾಗಿ ಕಂಡ ನೀರೆಲ್ಲ ರೋಗಾಣುಮುಕ್ತವಲ್ಲ.

ಮೊದಲ ಕೆಲಸ, ನೀರನ್ನು ಬೇರ್ಪಡಿಸುವುದು. ಸ್ನಾನದ ಮತ್ತು ಬಟ್ಟೆ ಒಗೆದ ನೀರು ಹಿತ್ತಲಿಗೆ ಸಾಕು. ಮುಸುರಿ ನೀರಿನ ಜಿಡ್ಡು ಸೋಸುವ ಉಸುಕು ಕಟ್ಟಿಕೊಳ್ಳುವಂತೆ ಮಾಡುತ್ತದೆ, ಅದನ್ನು ಬಚ್ಚಲು ಗುಂಡಿಗೆ ಬಿಡಿ. ಕೂಸಿನ ಮಲದ ಬಟ್ಟೆ ತೊಳೆದ ನೀರು ಮಾತ್ರ ಶೌಚಾಲಯಕ್ಕೇ ಹೋಗಬೇಕು. ಇದೊಂದನ್ನು ಕಡೆಗಣಿಸಿದರೆ ಮುಂದಿನ ಎಲ್ಲ ಕಾಳಜಿಯೂ ವ್ಯರ್ಥ.

ನಂತರ ಸೋಸುವುದು. ತಳದಲ್ಲಿ ತೂತಿರುವ ಹಳೆಯ ಡ್ರಮ್ಮಿಗೆ ಕೆಳಗೆ ದಪ್ಪ ಕಡಿ, ನಡುವೆ ಸಣ್ಣ ಕಡಿ, ಮೇಲೆ ತೊಳೆದ ಉಸುಕು ತುಂಬಿ. ಕೂದಲು, ಕೊಳೆ, ಒಂದಷ್ಟು ರೋಗಾಣು ಇಲ್ಲಿ ನಿಲ್ಲುತ್ತವೆ, ಎಲ್ಲವೂ ಅಲ್ಲ. ಕೋಲಾರದ ಕೆರೆಗಳಿಗೆ 2018ರಿಂದ ಹರಿಯುತ್ತಿರುವ ಬೆಂಗಳೂರಿನ ಕೊಳಚೆ ನೀರು ದೊಡ್ಡ ಘಟಕಗಳಲ್ಲಿ ಎರಡು ಹಂತ ಶುದ್ಧವಾಗಿ ಬಂದರೂ ಮೂರನೇ ಹಂತ ಬೇಕೆಂದು ಅಲ್ಲಿನ ರೈತರು ಪಟ್ಟು ಹಿಡಿದರು. ಹಿತ್ತಲ ಡ್ರಮ್ಮಿನಿಂದ ಅದಕ್ಕಿಂತ ಹೆಚ್ಚು ನಿರೀಕ್ಷಿಸಲಾಗದು. ಬ್ಲೀಚಿಂಗ್ ಪೌಡರ್ ಹಾಕಿದರಾಯಿತು ಎನ್ನುವವರಿದ್ದಾರೆ. ಕೊಳೆ ಇರುವ ನೀರಿನಲ್ಲಿ ಕ್ಲೋರಿನ್ ಕೊಳೆಯೊಂದಿಗೇ ತೀರಿಹೋಗುತ್ತದೆ. ಜಂತುಹುಳುವಿನ ಮೊಟ್ಟೆ ಅದಕ್ಕೆ ಜಗ್ಗುವುದೂ ಇಲ್ಲ.

ಸೋಸಿದ ನೀರನ್ನು ಕೂಡಿಡಬೇಡಿ. ಒಂದು ದಿನ ಮೀರಿದರೆ ಉಳಿದ ಬ್ಯಾಕ್ಟೀರಿಯಾ ಸಾಬೂನು, ಬೆವರಿನ ಅಂಶ ತಿಂದು ಬೆಳೆಯುತ್ತವೆ, ನೀರು ನಾರುತ್ತದೆ. ವಾರ ಹತ್ತು ದಿನ ನಿಂತರೆ ಸೊಳ್ಳೆಯೇ ಹಾರುತ್ತದೆ.

ಎಲ್ಲಕ್ಕಿಂತ ಮುಖ್ಯ, ಯಾವ ಗಿಡಕ್ಕೆ ಎಂಬುದು. ರೊಟ್ಟಿಯ ಜೊತೆ ಹಸಿ ಮೆಂತ್ಯ, ಮೂಲಂಗಿ, ಉಳ್ಳಾಗಡ್ಡಿ ಕಚ್ಚಿ ತಿನ್ನುವ ನಾಡಿದು. ಅವುಗಳಿಗೆ ಈ ನೀರು ಬೇಡವೇ ಬೇಡ. ನುಗ್ಗೆ, ಬಾಳೆ, ನಿಂಬೆಯಂಥ ಗಿಡದ ಬುಡಕ್ಕೆ ಪೈಪ್ ಇಟ್ಟು, ಮೇಲೆ ಒಣ ಎಲೆ, ರವದಿ ಮುಚ್ಚಿ. ಎಲೆಯ ಮೇಲೆ ಚಿಮುಕಿಸಬೇಡಿ. ವಿಶ್ವ ಆರೋಗ್ಯ ಸಂಸ್ಥೆ 2006ರ ಮಾರ್ಗಸೂಚಿಯಲ್ಲಿ ಹೇಳಿದ್ದೂ ಇದನ್ನೇ: ಶುದ್ಧೀಕರಣ ಒಂದನ್ನೇ ನೆಚ್ಚದೆ ಬೆಳೆಯ ಆಯ್ಕೆ, ನೀರುಣಿಸುವ ರೀತಿ, ತೊಳೆಯುವುದು, ಬೇಯಿಸುವುದು ಎಂದು ಹಲವು ತಡೆಗಳನ್ನು ಒಡ್ಡಬೇಕು.

ಹೆಚ್ಚಾದ ನೀರು ಇಂಗಲು ಬಚ್ಚಲು ಗುಂಡಿ ಇರಲಿ, ಅದು ಕೊಳವೆಬಾವಿಯಿಂದ ಕನಿಷ್ಠ 15 ಮೀಟರ್ ದೂರವಿರಲಿ. ಡ್ರಮ್ಮಿನ ಉಸುಕು ಮುಟ್ಟಿದ ಕೈಯನ್ನು ಸಾಬೂನಿನಿಂದ ತೊಳೆಯಿರಿ. ಮನೆಯಲ್ಲಿ ಯಾರಿಗಾದರೂ ವಾಂತಿಭೇದಿ ಆದರೆ, ಅವರು ಪೂರ್ತಿ ಗುಣವಾಗುವವರೆಗೆ ಹಿತ್ತಲಿಗೆ ಬಚ್ಚಲ ನೀರು ಬಿಡುವುದನ್ನು ನಿಲ್ಲಿಸಿ.