ನೆರೆಯ ನಂತರದ ಲೆಕ್ಕ: ವರ್ತಕರಿಗೆ ದೊರೆಯುವ ನೆರವು ಮತ್ತು ವಂಚಕರ ಬಲೆ

ಕೃಷ್ಣಾ ಮತ್ತು ತುಂಗಭದ್ರಾ ನದಿಗಳ ನಡುವೆ ಹಬ್ಬಿರುವ ರಾಯಚೂರು ಜಿಲ್ಲೆಗೆ ಬರ ಎಷ್ಟು ಪರಿಚಿತವೋ ನೆರೆಯೂ ಅಷ್ಟೇ ಪರಿಚಿತ. 2009ರ ಸೆಪ್ಟೆಂಬರ್ ಕೊನೆ ಹಾಗೂ ಅಕ್ಟೋಬರ್ ಮೊದಲ ದಿನಗಳಲ್ಲಿ ಸುರಿದ ಮಳೆ ರಾಜ್ಯದಲ್ಲಿ 200ಕ್ಕೂ ಹೆಚ್ಚು ಜನರನ್ನು ಬಲಿ ತೆಗೆದುಕೊಂಡಿತು. ತುಂಗಭದ್ರೆಯ ಆಚೆ ದಡದ ಮಂತ್ರಾಲಯ ಜಲಾವೃತವಾಯಿತು. 2019ರ ಆಗಸ್ಟ್‌ನಲ್ಲಿ ಮಹಾರಾಷ್ಟ್ರದ ಮಳೆಯ ನೀರು ನಾರಾಯಣಪುರ ಜಲಾಶಯದಿಂದ ಹೊರಬಂದು ದೇವದುರ್ಗ ತಾಲ್ಲೂಕಿನ ಹೂವಿನಹೆಡಗಿ ಸೇತುವೆಯನ್ನು ಮುಳುಗಿಸಿತು. 2009ರ ನಂತರ ಮನೆ ಕಳೆದುಕೊಂಡವರಿಗಾಗಿ ‘ಆಸರೆ’ ಯೋಜನೆ ಬಂದಿತು, ಬೆಳೆ ಹಾನಿಯ ಸಮೀಕ್ಷೆಗಳೂ ನಡೆದವು. ಆದರೆ ಗೋದಾಮಿನಲ್ಲಿ ನೆನೆದ ಹತ್ತಿಗೂ ಅಂಗಡಿಯಲ್ಲಿ ಕೊಳೆತ ಸರಕಿಗೂ ಯಾರು ಹಣ ಕೊಡುತ್ತಾರೆ?

ಸರ್ಕಾರದಿಂದ ಇಲ್ಲಿ ಹೆಚ್ಚಿನದನ್ನು ನಿರೀಕ್ಷಿಸುವಂತಿಲ್ಲ. ವಿಪತ್ತು ಪರಿಹಾರ ನಿಧಿಯ ಮಾನದಂಡಗಳು ಜೀವಹಾನಿ, ಮನೆ, ಬೆಳೆ, ಜಾನುವಾರು ಹಾಗೂ ಕೈಮಗ್ಗ ಮತ್ತು ಕರಕುಶಲ ಕೆಲಸಗಾರರ ಉಪಕರಣಗಳನ್ನು ಮುಖ್ಯವಾಗಿ ಲೆಕ್ಕಕ್ಕೆ ಹಿಡಿಯುತ್ತವೆ. ವರ್ತಕರ ದಾಸ್ತಾನಿಗೆ ಅಲ್ಲಿ ಪ್ರತ್ಯೇಕ ಬಾಬ್ತು ಇಲ್ಲ. ರಾಜ್ಯ ಸರ್ಕಾರ ಕೆಲವೊಮ್ಮೆ ವಿಶೇಷ ನೆರವು ಘೋಷಿಸುವುದುಂಟು, ಆದರೆ ಅದನ್ನು ನಂಬಿ ವ್ಯಾಪಾರ ನಡೆಸಲಾಗದು. ಆದ್ದರಿಂದ ವರ್ತಕರಿಗೆ ಉಳಿಯುವ ಆಧಾರಗಳು ಎರಡೇ: ವಿಮೆ ಮತ್ತು ಬ್ಯಾಂಕು.

ವಿಮೆಯಲ್ಲಿ ಹೆಚ್ಚಿನ ಕ್ಲೇಮುಗಳು ಸೊರಗುವುದು ನೀರಿನಿಂದಲ್ಲ, ಕಾಗದದಿಂದ. ಒಂದೇ ದಾಸ್ತಾನಿಗೆ ಮೂರು ಕಡೆ ಮೂರು ಅಂಕಿಗಳಿರುವುದು ಸಾಮಾನ್ಯ ಸಂಗತಿ. ಹೆಚ್ಚು ಸಾಲದ ಮಿತಿ ದೊರೆಯಲೆಂದು ಬ್ಯಾಂಕಿಗೆ ಸಲ್ಲಿಸುವ ಸ್ಟಾಕ್ ಸ್ಟೇಟ್‌ಮೆಂಟಿನಲ್ಲಿ ದಾಸ್ತಾನು ಉಬ್ಬಿರುತ್ತದೆ. ಲೆಕ್ಕಪುಸ್ತಕದಲ್ಲಿ ಅದಕ್ಕಿಂತ ಕಡಿಮೆ. ಪ್ರೀಮಿಯಂ ಉಳಿಸಲೆಂದು ವಿಮಾ ಮೊತ್ತ ಇನ್ನೂ ಕಡಿಮೆ. ನೆರೆ ಇಳಿದ ಮೇಲೆ ಸರ್ವೇಯರ್ ಮೂರನ್ನೂ ಒಟ್ಟಿಗೆ ಮೇಜಿನ ಮೇಲೆ ಇಡುತ್ತಾರೆ, ಜೊತೆಗೆ ಜಿಎಸ್‌ಟಿ ರಿಟರ್ನುಗಳನ್ನೂ ಕೇಳುತ್ತಾರೆ. ಬ್ಯಾಂಕಿಗೆ ಹೇಳಿದ್ದು ನಿಜವಾದರೆ ವಿಮೆ ಸಾಲದು. ವಿಮೆಗೆ ಹೇಳಿದ್ದು ನಿಜವಾದರೆ ಬ್ಯಾಂಕಿಗೆ ಸುಳ್ಳು ಹೇಳಿದಂತಾಯಿತು.

ವಿಮೆ ಸಾಲದಾದಾಗ ಸರಾಸರಿ ನಿಯಮ ಅನ್ವಯಿಸುತ್ತದೆ. ಮಾನ್ವಿಯ ಒಂದು ಅಕ್ಕಿ ಗಿರಣಿಯಲ್ಲಿ 40 ಲಕ್ಷ ರೂಪಾಯಿ ಮೌಲ್ಯದ ದಾಸ್ತಾನಿದ್ದು, ವಿಮೆ 20 ಲಕ್ಷಕ್ಕೆ ಮಾತ್ರ ಇದೆ ಎಂದಿಟ್ಟುಕೊಳ್ಳೋಣ. 10 ಲಕ್ಷದ ಮಾಲು ನೆನೆದು ಹಾಳಾದರೆ ಕೈಗೆ ಬರುವುದು 5 ಲಕ್ಷ. ನಷ್ಟವು ವಿಮಾ ಮೊತ್ತಕ್ಕಿಂತ ಕಡಿಮೆಯಿದೆ, ಪೂರ್ತಿ ಸಿಗುತ್ತದೆ ಎಂಬ ಎಣಿಕೆ ಇಲ್ಲಿ ತಪ್ಪುತ್ತದೆ. 2021ರ ಏಪ್ರಿಲ್ 1ರಿಂದ ಜಾರಿಗೆ ಬಂದ ಭಾರತ್ ಸೂಕ್ಷ್ಮ ಉದ್ಯಮ ಸುರಕ್ಷಾ (5 ಕೋಟಿ ರೂಪಾಯಿವರೆಗಿನ ಆಸ್ತಿಗೆ) ಮತ್ತು ಭಾರತ್ ಲಘು ಉದ್ಯಮ ಸುರಕ್ಷಾ (5 ಕೋಟಿಯಿಂದ 50 ಕೋಟಿವರೆಗೆ) ಪಾಲಿಸಿಗಳಲ್ಲಿ ಶೇ. 15ರವರೆಗಿನ ಕೊರತೆಯನ್ನು ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ ಎಂಬುದಷ್ಟೇ ಸಮಾಧಾನ.

ವಿಳಾಸದ ವಿಚಾರವೂ ಹೀಗೆಯೇ. ಸುಗ್ಗಿಯಲ್ಲಿ ಜಿನ್ನಿಂಗ್ ಮಿಲ್ಲಿನ ಆವರಣ ತುಂಬಿ, ಹತ್ತಿ ಬೇಲುಗಳನ್ನು ಬಾಡಿಗೆ ಗೋದಾಮಿಗೆ ಸಾಗಿಸುವುದು ರಾಯಚೂರಿನಲ್ಲಿ ರೂಢಿ. ಆ ಗೋದಾಮಿನ ವಿಳಾಸ ಪಾಲಿಸಿಯಲ್ಲಿ ಇಲ್ಲದಿದ್ದರೆ ಅಲ್ಲಿನ ಮಾಲಿಗೆ ರಕ್ಷಣೆ ಇಲ್ಲ. ಬ್ಯಾಂಕೇ ವಿಮೆ ಮಾಡಿಸಿದೆ ಎಂದು ನಿಶ್ಚಿಂತರಾಗಿ ಪಾಲಿಸಿಯ ಪ್ರತಿಯನ್ನೇ ನೋಡದವರು ಬಹಳ. ಇನ್ನು ನೀರು ಇಳಿದ ಕೂಡಲೇ ಸ್ವಚ್ಛಗೊಳಿಸುವ ಆತುರವಿರುತ್ತದೆ. ಅದಕ್ಕೆ ಮೊದಲು ಗೋಡೆಯ ಮೇಲಿನ ನೀರಿನ ಗುರುತು, ನೆನೆದ ಚೀಲಗಳು, ಯಂತ್ರದ ಸಂಖ್ಯಾಫಲಕ ಇವುಗಳ ಛಾಯಾಚಿತ್ರ ತೆಗೆದು, ವಿಮಾ ಕಂಪನಿಗೆ ಲಿಖಿತವಾಗಿ ತಿಳಿಸಿ, ಒಣ ಮಾಲನ್ನು ಬೇರೆಡೆ ಸಾಗಿಸಬೇಕು. ಮಳೆಯ ಪ್ರಮಾಣದ ಬಗ್ಗೆ ತಕರಾರು ಎದ್ದರೆ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದ ಅಂಕಿ-ಅಂಶ ನೆರವಿಗೆ ಬರುತ್ತದೆ.

ತೆರಿಗೆಯ ಒಂದು ಅಂಶವನ್ನು ಹಲವರು ಮರೆಯುತ್ತಾರೆ. ಕೇಂದ್ರ ಜಿಎಸ್‌ಟಿ ಕಾಯ್ದೆಯ 17(5)(ಎಚ್) ಕಲಮಿನ ಪ್ರಕಾರ ನಾಶವಾದ ಸರಕಿನ ಮೇಲೆ ಪಡೆದ ಹೂಡುವಳಿ ತೆರಿಗೆ ಜಮೆಯನ್ನು ಹಿಂತಿರುಗಿಸಬೇಕು. ಹೀಗೆ ಹಿಂತಿರುಗಿಸಿದ ತೆರಿಗೆಯೂ ವರ್ತಕರ ನಷ್ಟವೇ. ಆದ್ದರಿಂದ ಕ್ಲೇಮಿನಲ್ಲಿ ಅದನ್ನು ಸೇರಿಸಿ ಕೇಳಬೇಕು. ನೆನೆದ ಮಾಲನ್ನು ಕಡಿಮೆ ದರಕ್ಕೆ ಮಾರಿದರೆ ಅದು ನಾಶವಲ್ಲ, ಮಾರಾಟ. ಬಿಲ್ಲು ಹಾಕಿ ತೆರಿಗೆ ಕಟ್ಟಬೇಕು, ಬಂದ ಹಣ ಕ್ಲೇಮಿನಿಂದ ಕಳೆಯುತ್ತದೆ.

ಬ್ಯಾಂಕಿನ ನೆರವು ತಾನಾಗಿ ಬರುವುದಿಲ್ಲ. ವಿಕೋಪದ ನಂತರ ಬ್ಯಾಂಕರುಗಳ ಸಮಿತಿ ಸಭೆ ಸೇರಿ ಸಾಲಗಳ ಪುನರ್‌ರಚನೆಯ ತೀರ್ಮಾನ ಕೈಗೊಂಡರೂ ಸಾಲಗಾರರು ಶಾಖೆಗೆ ಅರ್ಜಿ ಸಲ್ಲಿಸುವುದೇ ಸರಿ, ಅದೂ ಕಂತು ತಪ್ಪುವ ಮೊದಲು. ಕಂತನ್ನು ಮುಂದೂಡಿದರೆ ಬಡ್ಡಿ ನಿಲ್ಲುವುದಿಲ್ಲ ಎಂಬುದು ನೆನಪಿರಲಿ. ಇದು ಮನ್ನಾ ಅಲ್ಲ.

ಈ ಓಡಾಟದ ನಡುವೆಯೇ ವಂಚಕರು ಬರುತ್ತಾರೆ. ಮೊದಲನೆಯವರು ಸರ್ವೇಯರ್ ಎಂದು ಹೇಳಿಕೊಂಡು ‘ಪರಿಶೀಲನಾ ಶುಲ್ಕ’ ಕೇಳುವವರು. ಸರ್ವೇಯರರನ್ನು ನೇಮಿಸುವುದೂ ಅವರ ಶುಲ್ಕ ಕೊಡುವುದೂ ವಿಮಾ ಕಂಪನಿ. ಪರವಾನಗಿ ಸಂಖ್ಯೆ ಕೇಳಿ, ನೇಮಕವನ್ನು ಶಾಖೆಗೆ ಕರೆಮಾಡಿ ಖಚಿತಪಡಿಸಿಕೊಂಡರೆ ನಕಲಿಗಳು ಅಲ್ಲಿಗೇ ಕಾಲ್ತೆಗೆಯುತ್ತಾರೆ. ಎರಡನೆಯವರು, ಬಂದ ಹಣದಲ್ಲಿ ಪಾಲು ಕೊಟ್ಟರೆ ಕ್ಲೇಮನ್ನು ‘ದೊಡ್ಡದು’ ಮಾಡಿಕೊಡುತ್ತೇವೆನ್ನುವ ಮಧ್ಯವರ್ತಿಗಳು. ಇವರೇ ಹೆಚ್ಚು ಅಪಾಯಕಾರಿ. ಇವರು ತಯಾರಿಸಿದ ಖರೀದಿ ಬಿಲ್ಲುಗಳು ಜಿಎಸ್‌ಟಿ ದಾಖಲೆಗೆ ಹೊಂದದಿದ್ದಾಗ ಉಬ್ಬಿಸಿದ ಭಾಗ ಮಾತ್ರವಲ್ಲ, ನಿಜವಾದ ನಷ್ಟದ ಕ್ಲೇಮೂ ತಿರಸ್ಕೃತವಾಗುತ್ತದೆ, ಮೊಕದ್ದಮೆಯೂ ಬೆನ್ನು ಹತ್ತುತ್ತದೆ. ಖಾಲಿ ಕಾಗದಕ್ಕಾಗಲಿ ತುಂಬದ ಕ್ಲೇಮ್ ಫಾರಂಗಾಗಲಿ ಸಹಿ ಹಾಕುವುದು ಇಂಥವರಿಗೆ ಕೀಲಿಕೈ ಕೊಟ್ಟಂತೆ.

ಉಳಿದದ್ದು ಮೊಬೈಲಿನಲ್ಲಿ ನಡೆಯುವ ಮೋಸ. ‘ಪರಿಹಾರದ ಹಣ ಜಮಾ ಮಾಡುತ್ತೇವೆ, ಪಿನ್ ಒತ್ತಿ’ ಎಂಬ ಕರೆ ಬಂದರೆ ಅದು ಸುಳ್ಳು, ಏಕೆಂದರೆ ಯುಪಿಐಯಲ್ಲಿ ಹಣ ಪಡೆಯಲು ಪಿನ್ ಬೇಕಿಲ್ಲ. ಪಿನ್ ಇರುವುದು ಕಳುಹಿಸಲು. ಮುಂಗಡ ಶುಲ್ಕ ಕಟ್ಟಿದರೆ ತುರ್ತು ಸಾಲ ಕೊಡುತ್ತೇವೆನ್ನುವ ಆ್ಯಪುಗಳೂ ಇದೇ ಜಾತಿಗೆ ಸೇರಿದವು. ಹಣ ಹೋದ ತಕ್ಷಣ 1930ಕ್ಕೆ ಕರೆ ಮಾಡಿ ದೂರು ದಾಖಲಿಸಿದರೆ ವಂಚಕರ ಖಾತೆಯಲ್ಲಿ ಅದನ್ನು ತಡೆಹಿಡಿಯುವ ಅವಕಾಶವಿದೆ. ನಾಚಿಕೆಯಿಂದ ಎರಡು ದಿನ ಸುಮ್ಮನಿದ್ದರೆ ಅದು ಹತ್ತು ಖಾತೆಗಳಿಗೆ ಹಂಚಿಹೋಗಿರುತ್ತದೆ.

ಸಂಕಷ್ಟದಲ್ಲಿರುವವರಿಗೆ ದೇಣಿಗೆ ನೀಡುವ ವರ್ತಕರಿಗೂ ಎಚ್ಚರ ಬೇಕು. ವಾಟ್ಸ್‌ಆ್ಯಪಿನಲ್ಲಿ ಬಂದ ಕ್ಯೂಆರ್ ಸಂಕೇತಕ್ಕೆ ಹಣ ಹಾಕುವ ಬದಲು ಮುಖ್ಯಮಂತ್ರಿಗಳ ಪರಿಹಾರ ನಿಧಿಯ ಅಧಿಕೃತ ಖಾತೆಗೆ ಕಳುಹಿಸಿ ರಸೀದಿ ಪಡೆಯುವುದು ಲೇಸು.

ವಿಮಾ ಕಂಪನಿ ಕ್ಲೇಮನ್ನು ನಿರಾಕರಿಸಿದರೆ ಅಥವಾ ಕಡಿತಗೊಳಿಸಿದರೆ ಮೊದಲು ಕಂಪನಿಯ ಕುಂದುಕೊರತೆ ವಿಭಾಗಕ್ಕೆ ಬರೆಯಬೇಕು. ಒಂದು ತಿಂಗಳಲ್ಲಿ ಉತ್ತರ ಬಾರದಿದ್ದರೆ ಅಥವಾ ಬಂದ ಉತ್ತರ ತೃಪ್ತಿಕರವಾಗಿಲ್ಲದಿದ್ದರೆ, ಏಕಮಾಲೀಕತ್ವದ ಸಂಸ್ಥೆಗಳು ಮತ್ತು ಸೂಕ್ಷ್ಮ ಉದ್ಯಮಗಳು ಬೆಂಗಳೂರಿನಲ್ಲಿರುವ ವಿಮಾ ಲೋಕಪಾಲರ ಮೊರೆ ಹೋಗಬಹುದು. ದೂರನ್ನು ಒಂದು ವರ್ಷದೊಳಗೆ ಸಲ್ಲಿಸಬೇಕು. ಅದಕ್ಕೆ ಶುಲ್ಕವೂ ಇಲ್ಲ, ವಕೀಲರ ಅಗತ್ಯವೂ ಇಲ್ಲ.